ಬಿಸಿಲ ಸೀಮೆಯ ಗಣಕಯಂತ್ರ: ಶಾಖಕ್ಕೊಂದು ದಾರಿ

ಯುಗಾದಿ ಕಳೆದು ಬೇವಿನ ಹೂ ಉದುರುವ ಹೊತ್ತಿಗೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗಗಳ ಬಿಸಿಲು ಎಂಥದೆಂಬುದನ್ನು ನಮ್ಮ ಓದುಗರಿಗೆ ಬಣ್ಣಿಸಿ ಹೇಳಬೇಕಾಗಿಲ್ಲ. ಪಾದರಸ 40 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ತಗಡಿನ ಮಾಡಿನ ಮನೆಗಳಲ್ಲಿ ಮಧ್ಯಾಹ್ನ ಕುಳಿತಿರುವುದೇ ಒಂದು ತಪಸ್ಸು. ಹಿರಿಯರು ಬೇವಿನ ನೆರಳು ಹುಡುಕುತ್ತಾರೆ. ಮಕ್ಕಳು ಮಣ್ಣಿನ ಮಡಕೆಯ ಸುತ್ತ ಸುಳಿಯುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಈ ಬಿಸಿಲಿಗೆ ಬಳಲುವ ಇನ್ನೊಂದು ವಸ್ತುವೂ ನಮ್ಮ ಮನೆಗಳಿಗೆ ಬಂದಿದೆ. ಪಡಸಾಲೆಯ ಮೂಲೆಯಲ್ಲಿ, ಮೇಜಿನ ಕೆಳಗೆ, ಗೋಡೆಗೆ ಒತ್ತಿಕೊಂಡು ಕುಳಿತಿರುವ ಗಣಕಯಂತ್ರ ಅದು.

ಬೇಸಿಗೆಯಲ್ಲಿ ಈ ಯಂತ್ರದ ವಿಷಯವಾಗಿ ಕೇಳಿಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಬೆಳಗ್ಗೆ ಚೆನ್ನಾಗಿ ನಡೆದದ್ದು ಮಧ್ಯಾಹ್ನ ಮಂದವಾಗುತ್ತದೆ. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತದೆ. ಬರೆದದ್ದನ್ನು ಉಳಿಸಿಕೊಳ್ಳುವ ಮೊದಲೇ ತೆರೆ ಕಪ್ಪಾಗುತ್ತದೆ. ಅಂಗಡಿಗೆ ಒಯ್ದರೆ ಒಬ್ಬರು ನೀರಿನ ಕೂಲರು ಹಾಕಿಸಿರಿ ಎನ್ನುತ್ತಾರೆ, ಇನ್ನೊಬ್ಬರು ಯಂತ್ರವೇ ಹಳೆಯದಾಯಿತು, ಹೊಸದು ಕೊಳ್ಳಿರಿ ಎನ್ನುತ್ತಾರೆ. ಎರಡೂ ಸಲಹೆಗಳು ಸಾವಿರಾರು ರೂಪಾಯಿಗಳ ಮಾತು. ಮಕ್ಕಳ ಓದು, ಅಂಗಡಿಯ ಲೆಕ್ಕ, ಟೈಪಿಂಗಿನ ಸಂಪಾದನೆ ಎಲ್ಲವೂ ಒಂದೇ ಯಂತ್ರವನ್ನು ನಂಬಿರುವ ಸಂಸಾರದಲ್ಲಿ ಈ ಸಲಹೆಯನ್ನು ಕಣ್ಣುಮುಚ್ಚಿ ಒಪ್ಪುವಂತಿಲ್ಲ, ತಳ್ಳಿಹಾಕುವಂತೆಯೂ ಇಲ್ಲ.

ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಒಂದೇ ಮಾತು. ಶಾಖವನ್ನು ಯಾವ ಉಪಕರಣವೂ ನಾಶಮಾಡುವುದಿಲ್ಲ. ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತದೆ, ಅಷ್ಟೆ. ಚಿಪ್ಪಿನೊಳಗೆ ಹುಟ್ಟಿದ ಶಾಖ ಮನೆಯ ಹೊರಗಿನ ಗಾಳಿಯನ್ನು ಸೇರುವವರೆಗೆ ನಾಲ್ಕು ಬಾಗಿಲುಗಳನ್ನು ದಾಟಬೇಕು. ಆ ನಾಲ್ಕರಲ್ಲಿ ಯಾವುದು ಇಕ್ಕಟ್ಟಾಗಿದೆಯೆಂದು ಮೊದಲು ಕಂಡುಹಿಡಿದು, ಹಣವನ್ನೂ ಕೈಕೆಲಸವನ್ನೂ ಅಲ್ಲಿಯೇ ಹೂಡಬೇಕು. ಅಗಲವಾಗಿರುವ ಬಾಗಿಲನ್ನು ಇನ್ನಷ್ಟು ಅಗಲಿಸಿದರೆ ಖರ್ಚು ಮಾತ್ರ ಉಳಿಯುತ್ತದೆ.

ಶಾಖ ಹುಟ್ಟುವ ಬಗೆ

ಗಣಕಯಂತ್ರವು ನುಂಗುವ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿಯೇ ಹೊರಬೀಳುತ್ತದೆ. ಸಾಧಾರಣ ಮನೆಯ ಯಂತ್ರಗಳಲ್ಲಿ ಕಾಣುವ ಇಂಟೆಲ್ ಕೋರ್ ಐ5-12400 ಎಂಬ ಪ್ರೊಸೆಸರಿಗೆ ತಯಾರಕರು ನಿಗದಿಮಾಡಿರುವ ಮೂಲ ಶಕ್ತಿ 65 ವಾಟ್; ಭಾರದ ಕೆಲಸ ಬಿದ್ದಾಗ ಅದು 117 ವಾಟ್‌ವರೆಗೆ ಏರಬಲ್ಲದು. ಇದೇ ಸಂಸ್ಥೆಯ ದೊಡ್ಡ ಪ್ರೊಸೆಸರ್ ಐ9-14900ಕೆ 253 ವಾಟ್‌ವರೆಗೆ ಹೋಗುತ್ತದೆ. ಹಿಂದೆ ನಮ್ಮ ಮನೆಗಳಲ್ಲಿ ಉರಿಯುತ್ತಿದ್ದ 60 ವಾಟ್‌ನ ತಂತಿಯ ಬಲ್ಬನ್ನು ಬರಿಗೈಯಿಂದ ಮುಟ್ಟಿದವರಿಗೆ ಅದರ ಬಿಸಿ ನೆನಪಿರಬಹುದು. ಅಂಥ ಎರಡು ಬಲ್ಬುಗಳ ಶಾಖವು ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಹುಟ್ಟಿದರೆ ಹೇಗಿರಬಹುದೆಂದು ಊಹಿಸಿಕೊಳ್ಳಬಹುದು.

ಈ ಚಿಪ್ಪಿಗೆ ತಾಳಿಕೆಯ ಮಿತಿಯೊಂದುಂಟು. ಐ5-12400ಕ್ಕೆ ಅದು 100 ಡಿಗ್ರಿ, ಎ.ಎಂ.ಡಿ. ಸಂಸ್ಥೆಯ ರೈಜನ್ 5 7600ಕ್ಕೆ 95 ಡಿಗ್ರಿ. ಮಿತಿ ಸಮೀಪಿಸಿದೊಡನೆ ಪ್ರೊಸೆಸರು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ನಮಗೆ ಯಂತ್ರ ‘ಮಂದ’ವಾದಂತೆ ಕಾಣುವುದು ಆಗಲೇ. ಅದಕ್ಕೂ ಬಗ್ಗದೆ ಬಿಸಿ ಏರಿದರೆ ಯಂತ್ರ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಇದು ರೋಗವಲ್ಲ, ರೋಗ ಬಾರದಂತೆ ಯಂತ್ರ ಮಾಡಿಕೊಂಡ ಏರ್ಪಾಡು.

ಬೇಸಿಗೆಯ ಪಾತ್ರವೇನೆಂಬುದನ್ನು ಒಂದು ಸರಳ ಲೆಕ್ಕ ತೋರಿಸುತ್ತದೆ. ಕೋಣೆ 25 ಡಿಗ್ರಿ ಇರುವಾಗ ಒಂದು ಕೆಲಸದಲ್ಲಿ ಪ್ರೊಸೆಸರು 75 ಡಿಗ್ರಿಗೆ ನಿಲ್ಲುತ್ತದೆಯೆಂದರೆ ವ್ಯತ್ಯಾಸ 50 ಡಿಗ್ರಿ. ಅದೇ ಕೆಲಸ, ಅದೇ ಫ್ಯಾನಿನ ವೇಗ ಇದ್ದಲ್ಲಿ ಈ ವ್ಯತ್ಯಾಸ ಬಹುಮಟ್ಟಿಗೆ ಬದಲಾಗುವುದಿಲ್ಲ. ಕೋಣೆ 42 ಡಿಗ್ರಿಯಾದರೆ ಪ್ರೊಸೆಸರು 92 ಡಿಗ್ರಿಗೆ ಹೋಗಿ ನಿಲ್ಲುತ್ತದೆ. ತಂಪು ಊರಿನಲ್ಲಿ ಕುಳಿತು ಯಾರೋ ಹೊಗಳಿದ ಕೂಲರು ನಮ್ಮಲ್ಲಿ ಸೋಲುವುದು ಇದಕ್ಕಾಗಿಯೇ. ಆದುದರಿಂದ ನಾವು ಬರೆದಿಡಬೇಕಾದದ್ದು ಬರಿಯ ಉಷ್ಣತೆಯನ್ನಲ್ಲ, ಕೋಣೆಗಿಂತ ಎಷ್ಟು ಹೆಚ್ಚೆಂಬುದನ್ನು.

ಇಕ್ಕಟ್ಟು ಎಲ್ಲಿದೆ?

ಅಳತೆಗೆ ಬೇಕಾದ ಸಾಮಗ್ರಿ ಅಲ್ಪ. ಗೋಡೆಗೆ ತೂಗುಹಾಕುವ ಒಂದು ಉಷ್ಣಮಾಪಕ, ಒಂದು ನೋಟುಪುಸ್ತಕ, ಪ್ರೊಸೆಸರಿನ ಉಷ್ಣತೆಯನ್ನು ತೋರಿಸುವ ಎಚ್‌ಡಬ್ಲ್ಯೂಇನ್ಫೋದಂಥ ಉಚಿತ ತಂತ್ರಾಂಶ. ಯಂತ್ರಕ್ಕೆ ಅರ್ಧ ಗಂಟೆ ಒಂದೇ ಬಗೆಯ ಭಾರದ ಕೆಲಸ ಕೊಟ್ಟು, ಕೋಣೆಯ ಉಷ್ಣತೆ ಮತ್ತು ಪ್ರೊಸೆಸರಿನ ಉಷ್ಣತೆ ಎರಡನ್ನೂ ಬರೆದುಕೊಳ್ಳಬೇಕು. ಅನಂತರ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲನ್ನು ತೆಗೆದಿಟ್ಟು ಅದೇ ಕೆಲಸವನ್ನು ಮತ್ತೆ ಅರ್ಧ ಗಂಟೆ ಮಾಡಿಸಬೇಕು. ಬಾಗಿಲು ತೆಗೆದೊಡನೆ ಉಷ್ಣತೆ ಎಂಟು-ಹತ್ತು ಡಿಗ್ರಿ ಇಳಿದರೆ ಇಕ್ಕಟ್ಟು ಪೆಟ್ಟಿಗೆಯಲ್ಲಿದೆ. ಒಂದೆರಡು ಡಿಗ್ರಿ ಮಾತ್ರ ಇಳಿದರೆ ಇಕ್ಕಟ್ಟು ಇನ್ನೂ ಒಳಗೆ, ಪ್ರೊಸೆಸರಿನ ಮೇಲಿರುವ ಹೀಟ್‌ಸಿಂಕಿನಲ್ಲಿ ಅಥವಾ ಅದರಡಿಯ ಪೇಸ್ಟಿನಲ್ಲಿದೆ. ಖರ್ಚಿಲ್ಲದ ಈ ಪರೀಕ್ಷೆ ಅನೇಕ ವೇಳೆ ಸಾವಿರಾರು ರೂಪಾಯಿ ಉಳಿಸುತ್ತದೆ.

ನಮಗೆ ಪರಿಚಿತರಾದ ಸೋದರಿಯೊಬ್ಬರು ಅಕ್ಕಲಕೋಟೆಯ ಕಡೆ ಮನೆಯಲ್ಲಿಯೇ ಕನ್ನಡ, ಮರಾಠಿ ಟೈಪಿಂಗ್ ಮಾಡಿಕೊಡುತ್ತಾರೆ. ಲಗ್ನಪತ್ರಿಕೆಗಳ ಸುಗ್ಗಿಯೂ ಬಿಸಿಲಿನ ಸುಗ್ಗಿಯೂ ಒಂದೇ ಕಾಲಕ್ಕೆ ಬರುತ್ತವೆ. ವರ್ಷದ ಅರ್ಧ ಸಂಪಾದನೆಯ ಆ ಎರಡು ತಿಂಗಳಲ್ಲಿಯೇ ಅವರ ಯಂತ್ರ ದಿನಕ್ಕೆ ಮೂರು ಬಾರಿ ಆರತೊಡಗಿತು. ಹೊಸ ಯಂತ್ರಕ್ಕಾಗಿ ಕೈಗಡ ಮಾಡುವ ಮಾತೂ ನಡೆದಿತ್ತು. ಪಕ್ಕದ ಬಾಗಿಲು ತೆಗೆದು ನೋಡಿದಾಗ ಉಷ್ಣತೆ ಎರಡೇ ಡಿಗ್ರಿ ಇಳಿಯಿತು. ಫ್ಯಾನನ್ನು ಬಿಚ್ಚಿದರೆ ಹೀಟ್‌ಸಿಂಕಿನ ರೆಕ್ಕೆಗಳ ಮೇಲೆ ನೂಲಿನ ಜುಂಜು ಕಂಬಳಿಯಂತೆ ಹೊದ್ದಿತ್ತು. ಓಣಿಯಲ್ಲಿಯೇ ವಿದ್ಯುತ್ ಮಗ್ಗಗಳಿದ್ದುವು. ಅಡಿಯ ಪೇಸ್ಟು ಒಣಗಿ ಸುಣ್ಣದ ಪುಡಿಯಾಗಿತ್ತು. ಕುಂಚದಿಂದ ಶುಚಿಮಾಡಿ, ಕೆಲವು ನೂರು ರೂಪಾಯಿಯ ಹೊಸ ಪೇಸ್ಟು ಹಚ್ಚಿದ ಮೇಲೆ ಆ ಬೇಸಿಗೆಯ ಪತ್ರಿಕೆಗಳೆಲ್ಲ ಅದೇ ಯಂತ್ರದಲ್ಲಿಯೇ ಮುಗಿದುವು. ಕೈಗಡದ ಮಾತು ಅಲ್ಲಿಗೇ ನಿಂತಿತು.

ಮೊದಲ ಬಾಗಿಲು: ಪೇಸ್ಟು

ಪ್ರೊಸೆಸರಿನ ಮುಚ್ಚಳವೂ ಹೀಟ್‌ಸಿಂಕಿನ ತಳವೂ ಕಣ್ಣಿಗೆ ನುಣುಪಾಗಿ ಕಂಡರೂ ಅವುಗಳ ನಡುವೆ ಸೂಕ್ಷ್ಮವಾದ ತಗ್ಗುದಿಣ್ಣೆಗಳಿರುತ್ತವೆ. ಆ ತಗ್ಗುಗಳಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಶಾಖವನ್ನು ಸಾಗಿಸುವ ಗುಣದಲ್ಲಿ ತಾಮ್ರಕ್ಕೆ ಸುಮಾರು 400 ಅಂಕ ಕೊಟ್ಟರೆ ಗಾಳಿಗೆ ಸಿಗುವುದು 0.026. ಒಳ್ಳೆಯ ಥರ್ಮಲ್ ಪೇಸ್ಟಿಗೆ ಐದರಿಂದ ಹತ್ತರ ಆಸುಪಾಸು. ಅಂದರೆ ಪೇಸ್ಟು ಲೋಹಕ್ಕೆ ಸಮವಲ್ಲ. ಗಾಳಿಗಿಂತ ನೂರಾರು ಪಾಲು ಮೇಲು. ಗಾಳಿಯನ್ನು ಹೊರದೂಡುವಷ್ಟು ತೆಳುವಾಗಿ ಹಚ್ಚುವುದೇ ಸರಿಯಾದ ಕ್ರಮ. ಬಟಾಣಿ ಕಾಳಿನಷ್ಟು ನಡುವೆ ಇಟ್ಟು, ಹೀಟ್‌ಸಿಂಕನ್ನು ನೇರವಾಗಿ ಇಳಿಸಿ, ಎದುರುಬದುರಿನ ತಿರುಪುಗಳನ್ನು ಸ್ವಲ್ಪಸ್ವಲ್ಪವಾಗಿ ಬಿಗಿದರೆ ಅದು ತಾನೇ ಹರಡಿಕೊಳ್ಳುತ್ತದೆ. ದಪ್ಪವಾಗಿ ಮೆತ್ತಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ಹೀಟ್‌ಸಿಂಕನ್ನು ಬಿಚ್ಚುವ ಮುನ್ನ ಯಂತ್ರವನ್ನು ಹತ್ತು ನಿಮಿಷ ನಡೆಸಿ ಬೆಚ್ಚಗಾಗಿಸಬೇಕು. ಅನಂತರ ಆರಿಸಿ, ಪ್ಲಗ್ಗನ್ನು ಗೋಡೆಯಿಂದ ತೆಗೆದು, ಹೀಟ್‌ಸಿಂಕನ್ನು ಮೆಲ್ಲನೆ ಎಡಬಲಕ್ಕೆ ತಿರುಗಿಸುತ್ತ ಎತ್ತಬೇಕು. ತಣ್ಣಗಿರುವಾಗ ಒಮ್ಮೆಲೇ ಎಳೆದರೆ, ಅಡಿಯಲ್ಲಿ ಕಡ್ಡಿಗಳಿರುವ ಎ.ಎಂ.ಡಿ.ಯ ಎ.ಎಂ.4 ಜಾತಿಯ ಪ್ರೊಸೆಸರು ಸಾಕೆಟ್ಟಿನಿಂದ ಕಿತ್ತು ಬಂದು ಕಡ್ಡಿಗಳು ಬಾಗುವುದುಂಟು. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಪೇಸ್ಟಿಗೆ ಬದಲಾಗಿ ಹಲ್ಲುಜ್ಜುವ ಪೇಸ್ಟನ್ನು ಹಚ್ಚುವ ಪ್ರಯೋಗ ಕೆಲವೆಡೆ ನಡೆಯುತ್ತದೆ. ಅದರಲ್ಲಿನ ನೀರು ಆರಿಹೋದೊಡನೆ ಅದು ಕಾಲುಕಾಸಿಗೂ ಬೇಡ. ‘ದ್ರವಲೋಹ’ವೆಂದು ಮಾರುವ ಗ್ಯಾಲಿಯಂ ಮಿಶ್ರಣ ಬಹಳ ಸಮರ್ಥವಾದದ್ದು ನಿಜ. ಆದರೆ ಅದು ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ, ವಿದ್ಯುತ್ತನ್ನೂ ಹರಿಯಬಿಡುತ್ತದೆ. ಒಂದು ಹನಿ ಜಾರಿದರೆ ಮದರ್‌ಬೋರ್ಡೇ ಹೋದೀತು. ಸಂಸಾರವಂದಿಗರಿಗೆ ಅದರ ಗೊಡವೆ ಬೇಡ.

ಎರಡನೆಯ ಬಾಗಿಲು: ಹೀಟ್‌ಸಿಂಕು ಮತ್ತು ಫ್ಯಾನು

ಪ್ರೊಸೆಸರಿನ ಡಬ್ಬಿಯಲ್ಲಿ ಬರುವ ಚಿಕ್ಕ ಕೂಲರು 65 ವಾಟ್‌ನ ಸಾಧಾರಣ ಕೆಲಸಕ್ಕೆ ಸಾಲುತ್ತದೆ. ಶುಚಿಮಾಡಿ ಪೇಸ್ಟು ಬದಲಿಸಿದ ಮೇಲೂ ಬಿಸಿಲಿನಲ್ಲಿ ಕೆಲಸ ಸಾಗದಿದ್ದರೆ ಗೋಪುರದ ಆಕಾರದ ಕೂಲರಿನ ಕಡೆ ನೋಡಬಹುದು. ಇದರಲ್ಲಿ ತಾಮ್ರದ ಕೊಳವೆಗಳು ತಳದಿಂದ ಮೇಲಕ್ಕೆ ಹೋಗಿ ಅಲ್ಯೂಮಿನಿಯಂ ರೆಕ್ಕೆಗಳ ಸಾಲಿನ ನಡುವೆ ಹಾದಿರುತ್ತವೆ. ಕೊಳವೆ ಬರಿಯ ತಾಮ್ರದ ಸರಳಲ್ಲ. ಅದರೊಳಗೆ ಗಾಳಿ ತೆಗೆದು ಸ್ವಲ್ಪವೇ ನೀರಿಟ್ಟು ಮುಚ್ಚಿರುತ್ತಾರೆ. ತಳದಲ್ಲಿ ನೀರು ಆವಿಯಾಗಿ ಮೇಲೇರುತ್ತದೆ. ಮೇಲೆ ತಂಪಾದ ರೆಕ್ಕೆಗಳ ಬಳಿ ಮತ್ತೆ ನೀರಾಗುತ್ತದೆ. ಒಳಮೈಯ ಬತ್ತಿಯಂಥ ಪದರಿನ ಮೂಲಕ ಕೆಳಕ್ಕೆ ಇಳಿಯುತ್ತದೆ. ಇಡ್ಲಿಯ ಪಾತ್ರೆಯಲ್ಲಿ ಆವಿ ಮುಚ್ಚಳಕ್ಕೆ ತಗುಲಿ ಹನಿಯಾಗಿ ಬೀಳುವುದನ್ನು ಕಂಡ ಗೃಹಿಣಿಯರಿಗೆ ಇದು ಹೊಸ ವಿದ್ಯೆಯೇನಲ್ಲ. ಈ ಉಪಾಯಕ್ಕೆ ಅಮೆರಿಕದ ಗಾಗ್ಲರ್ 1940ರ ದಶಕದಲ್ಲಿಯೇ ಪೇಟೆಂಟ್ ಪಡೆದಿದ್ದರು. 1963ರಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಅದನ್ನು ಬಳಕೆಗೆ ಬರುವಂತೆ ಮಾಡಿದರು.

ಕೂಲರ್ ಮಾಸ್ಟರ್ ಸಂಸ್ಥೆಯ ಹೈಪರ್ 212 ಜಾತಿಯದು, ನಾಲ್ಕು ಕೊಳವೆ ಮತ್ತು 120 ಮಿ.ಮೀ. ಫ್ಯಾನು ಇರುವಂಥದು, ಈ ವರ್ಗದ ಒಳ್ಳೆಯ ಮಾದರಿ. ಆಯ್ಕೆ ಮಾಡುವಾಗ ಬೆಲೆಗಿಂತ ಮೊದಲು ಮೂರು ವಿಷಯಗಳನ್ನು ನೋಡಬೇಕು. ಒಂದು, ಅದು ನಮ್ಮ ಪ್ರೊಸೆಸರಿನ ಸಾಕೆಟ್ಟಿಗೆ ಕೂರುವ ಹಿಡಿಕೆಯೊಂದಿಗೆ ಬರುತ್ತದೆಯೆ? ಎರಡು, ಅದರ ಎತ್ತರಕ್ಕೆ ನಮ್ಮ ಕ್ಯಾಬಿನೆಟ್ಟಿನಲ್ಲಿ ಜಾಗವಿದೆಯೆ? ಈ ಬಗೆಯ ಕೂಲರುಗಳು ಸುಮಾರು 160 ಮಿ.ಮೀ. ಎತ್ತರ, ಕಿರಿದಾದ ಪೆಟ್ಟಿಗೆಯ ಬಾಗಿಲು ಮುಚ್ಚದೆ ಹೋದೀತು. ಮೂರು, ಫ್ಯಾನು ಪಕ್ಕದ ರ‍್ಯಾಮ್ ಪಟ್ಟಿಗಳಿಗೆ ತಾಗುತ್ತದೆಯೆ? ಅಳತೆಪಟ್ಟಿ ಹಿಡಿದು ನೋಡಿಕೊಂಡೇ ಅಂಗಡಿಗೆ ಹೋಗಬೇಕು. ಒಂದು ಕಿಲೋ ಮೀರಿದ ತೂಕದ ಕೂಲರು ಹಾಕಿದವರು ಎಸ್.ಟಿ. ಬಸ್ಸಿನಲ್ಲಿ ಯಂತ್ರ ಒಯ್ಯುವಾಗ ಅದನ್ನು ಮಲಗಿಸಿಯೇ ಒಯ್ಯುವುದು ಕ್ಷೇಮ.

ಫ್ಯಾನಿನ ವಿಷಯದಲ್ಲಿ ದೊಡ್ಡದು ಮೇಲು. ಅಗಲವಾದ ಫ್ಯಾನು ನಿಧಾನವಾಗಿ ತಿರುಗಿಯೂ ಅಷ್ಟೇ ಗಾಳಿಯನ್ನು ಸದ್ದಿಲ್ಲದೆ ಸಾಗಿಸುತ್ತದೆ. ವೇಗ ಅರ್ಧವಾದರೆ ಗಾಳಿಯೂ ಅರ್ಧವಾಗುತ್ತದೆ. ಅದಕ್ಕೆ ಬೇಕಾದ ಶಕ್ತಿ ಮಾತ್ರ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ರೆಕ್ಕೆಗಳ ಸಾಲು, ಧೂಳಿನ ಜಾಳಿಗೆ ಇಂಥ ಅಡ್ಡಿಗಳೆದುರು ಗಾಳಿಯನ್ನು ತೂರಿಸಬೇಕಾದಲ್ಲಿ ಒತ್ತಡ ಹೆಚ್ಚಿರುವ ಫ್ಯಾನು ಬೇಕು. ಬಯಲಾದ ಕಿಂಡಿಗೆ ಗಾಳಿಯ ಪ್ರಮಾಣ ಹೆಚ್ಚಿರುವುದು ಸಾಕು. ನಾಲ್ಕು ತಂತಿಯ ಫ್ಯಾನಾದರೆ ಮದರ್‌ಬೋರ್ಡು ಅದರ ವೇಗವನ್ನು ಬಿಸಿಗೆ ತಕ್ಕಂತೆ ಚೆನ್ನಾಗಿ ಏರಿಳಿಸಬಲ್ಲದು.

ಮೂರನೆಯ ಬಾಗಿಲು: ಪೆಟ್ಟಿಗೆ

‘ಓಣಿಯ ಕೂಸು ಬೆಳೆಯಿತು, ಕೋಣೆಯ ಕೂಸು ಕೊಳೆಯಿತು’ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಗಣಕಯಂತ್ರಕ್ಕೂ ಈ ಮಾತು ಒಪ್ಪುತ್ತದೆ. 1980ರಲ್ಲಿ ಅಮೆರಿಕದ ಆ್ಯಪಲ್ ಸಂಸ್ಥೆ ಹೊರತಂದ ‘ಆ್ಯಪಲ್ 3’ ಎಂಬ ಯಂತ್ರಕ್ಕೆ ಫ್ಯಾನೇ ಇರಲಿಲ್ಲ. ಲೋಹದ ಮೈಯೇ ಶಾಖವನ್ನು ಬಿಟ್ಟುಕೊಡುವುದೆಂಬ ನಂಬಿಕೆ. ಬಿಸಿಯ ದೂರುಗಳು ಬಂದುವು, ಒಳಗಿನ ಚಿಪ್ಪುಗಳು ಸಾಕೆಟ್ಟಿನಿಂದ ಸಡಿಲಾದುವು, ಸಾವಿರಾರು ಯಂತ್ರಗಳನ್ನು ಬದಲಿಸಿಕೊಡಬೇಕಾಯಿತು. ಇಂದು ಮಾರುಕಟ್ಟೆಯಲ್ಲಿ ಮುಂಭಾಗಕ್ಕೆ ಪೂರ್ತಿ ಗಾಜು ಹೊದಿಸಿ ಬಣ್ಣದ ದೀಪ ಹಚ್ಚಿದ ಕ್ಯಾಬಿನೆಟ್ಟುಗಳು ಕಣ್ಣು ಸೆಳೆಯುತ್ತವೆ. ಗಾಜಿನ ಹಿಂದಿನ ಫ್ಯಾನು ಗಾಳಿಯನ್ನು ಎಲ್ಲಿಂದ ಎಳೆಯಬೇಕೆಂದು ಕೊಳ್ಳುವವರು ಕೇಳಿಕೊಳ್ಳಬೇಕು. ನಮ್ಮ ಬಿಸಿಲಿಗೆ ಮುಂಭಾಗದಲ್ಲಿ ಜಾಳಿಗೆಯಿರುವ ಸಾದಾ ಪೆಟ್ಟಿಗೆಯೇ ಮೇಲು.

ಎಷ್ಟು ಗಾಳಿ ಬೇಕು? ಇಡೀ ಯಂತ್ರ 300 ವಾಟ್ ಶಾಖ ಬಿಡುತ್ತಿದೆಯೆಂದು ಇಟ್ಟುಕೊಳ್ಳೋಣ. ನಿಮಿಷಕ್ಕೆ 50 ಘನ ಅಡಿ ಗಾಳಿ ಅದರ ಮೂಲಕ ಹಾದುಹೋದರೆ ಹೊರಬರುವ ಗಾಳಿ ಒಳಹೋದದ್ದಕ್ಕಿಂತ ಸುಮಾರು 12 ಡಿಗ್ರಿ ಬಿಸಿಯಾಗಿರುತ್ತದೆ. 100 ಘನ ಅಡಿಯಾದರೆ 6 ಡಿಗ್ರಿ. 200 ಆದರೆ 3 ಡಿಗ್ರಿ. ಮೊದಲ ದುಪ್ಪಟ್ಟಿಗೆ ಸಿಕ್ಕ ಲಾಭ 6 ಡಿಗ್ರಿ, ಎರಡನೆಯದಕ್ಕೆ ಬರಿಯ 3. ಫ್ಯಾನಿನ ಡಬ್ಬಿಯ ಮೇಲೆ ಬರೆದ ಅಂಕಿ ಅಡ್ಡಿಯಿಲ್ಲದ ಬಯಲಿನಲ್ಲಿ ಅಳೆದದ್ದೆಂಬುದನ್ನೂ ಮರೆಯಬಾರದು; ಜಾಳಿಗೆಯ ಹಿಂದೆ ಅಷ್ಟು ಸಿಗುವುದಿಲ್ಲ. ಒಟ್ಟಿನಲ್ಲಿ ಮುಂದೆ ಎರಡು ಫ್ಯಾನು ಒಳಕ್ಕೆ, ಹಿಂದೆ ಒಂದು ಹೊರಕ್ಕೆ, ಇಷ್ಟು ಸಾಮಾನ್ಯ ಯಂತ್ರಕ್ಕೆ ಧಾರಾಳ. ಏಳು-ಎಂಟು ಫ್ಯಾನು ಕೂಡಿಸುವುದು ಅಂಗಡಿಯವರಿಗೆ ಮಾತ್ರ ಹಿತ.

ಒಳಕ್ಕೆ ಎಳೆಯುವ ಗಾಳಿ ಹೊರದೂಡುವುದಕ್ಕಿಂತ ಸ್ವಲ್ಪ ಹೆಚ್ಚಿರಬೇಕು. ಆಗ ಪೆಟ್ಟಿಗೆಯ ಸಂದುಗೊಂದುಗಳಿಂದ ಗಾಳಿ ಹೊರಕ್ಕೆ ಸೂಸುತ್ತದೆ, ಧೂಳು ಒಳನುಗ್ಗುವುದಿಲ್ಲ. ಬರುವ ಧೂಳೆಲ್ಲ ಮುಂದಿನ ಜಾಳಿಗೆಯಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಮಗ್ಗಗಳ ಓಣಿಯವರಿಗೆ ಇದು ಮುಖ್ಯ. ಜಾಳಿಗೆ ಇಲ್ಲದಿದ್ದರೆ ಸೊಳ್ಳೆಪರದೆಯ ನೈಲಾನ್ ತುಂಡನ್ನು ಒಂದೇ ಪದರಾಗಿ ಚಪ್ಪಟೆ ಆಯಸ್ಕಾಂತಗಳಿಂದ ಹಚ್ಚಬಹುದು. ವಾರಕ್ಕೊಮ್ಮೆ ತೆಗೆದು ಕೊಡವಬೇಕು. ಯಾವ ಫ್ಯಾನು ಎತ್ತ ಊದುತ್ತಿದೆಯೆಂಬ ಸಂಶಯ ಬಂದರೆ ಒಂದು ಊದುಬತ್ತಿ ಹಚ್ಚಿ ಕಿಂಡಿಯ ಬಳಿ ಹಿಡಿಯಬೇಕು. ಹೊಗೆ ಹೋಗುವ ದಿಕ್ಕೇ ಉತ್ತರ. ನಡುವಿನ ಮೋಟಾರನ್ನು ಹಿಡಿದಿರುವ ಕಡ್ಡಿಗಳು ಯಾವ ಬದಿಗಿವೆಯೋ ಸಾಮಾನ್ಯವಾಗಿ ಗಾಳಿ ಆ ಬದಿಗೆ ಹೊರಡುತ್ತದೆ.

ಕೈಯಾರೆ ಮಾಡುವ ಮಾರ್ಪಾಡು

ಹಳೆಯ ಪೆಟ್ಟಿಗೆಗೆ ಮುಂದೆ ಕಿಂಡಿಯೇ ಇಲ್ಲದಿದ್ದರೆ ಅದನ್ನು ಎಸೆಯಬೇಕಾಗಿಲ್ಲ. ಪಕ್ಕದ ತಗಡಿನ ಕೆಳಭಾಗದಲ್ಲಿ ಒಂದು ಕಿಂಡಿ ಕೊರೆದು ಫ್ಯಾನು ಕೂಡಿಸಬಹುದು. 120 ಮಿ.ಮೀ. ಫ್ಯಾನಿಗೆ ಸುಮಾರು 114 ಮಿ.ಮೀ., ಅಂದರೆ ನಾಲ್ಕೂವರೆ ಅಂಗುಲದ ದುಂಡು ಕಿಂಡಿ ಬೇಕು. ನಾಲ್ಕು ಮೂಲೆಯ ತಿರುಪುಗಳ ನಡುವಣ ಅಂತರ 105 ಮಿ.ಮೀ. ರಟ್ಟಿನ ಮೇಲೆ ಫ್ಯಾನಿಟ್ಟು ಗುರುತು ಬರೆದು, ಆ ರಟ್ಟನ್ನು ತಗಡಿಗೆ ಅಂಟಿಸಿಕೊಂಡರೆ ಅಳತೆ ತಪ್ಪುವುದಿಲ್ಲ. ಕಿಟಕಿಯ ಗ್ರಿಲ್ಲು ಮಾಡುವ ಯಾವುದೇ ಕಮ್ಮಟದಲ್ಲಿ ಹೋಲ್‌ಸಾ ಇರುತ್ತದೆ. ಹತ್ತು ನಿಮಿಷದ ಕೆಲಸ. ಕೊರೆಯುವ ಮುನ್ನ ತಗಡನ್ನು ಯಂತ್ರದಿಂದ ಪೂರ್ತಿ ಬೇರ್ಪಡಿಸಿ ಒಯ್ಯಲೇಬೇಕು. ಕಬ್ಬಿಣದ ಒಂದು ಚೂರು ಮದರ್‌ಬೋರ್ಡಿನ ಮೇಲೆ ಬಿದ್ದರೂ ವಿದ್ಯುತ್ತು ಅಡ್ಡದಾರಿ ಹಿಡಿಯುತ್ತದೆ. ಅಂಚನ್ನು ಅರದಿಂದ ಉಜ್ಜಿ, ತುಕ್ಕು ಹಿಡಿಯದಂತೆ ಬಣ್ಣ ಬಳಿದು, ಹೊರಗಡೆ ಮಕ್ಕಳ ಬೆರಳು ಹೋಗದಂತೆ ತಂತಿಯ ಜಾಳಿಗೆ ಬಿಗಿಯಬೇಕು.

ಫ್ಯಾನನ್ನು ಮದರ್‌ಬೋರ್ಡಿನ ಫ್ಯಾನು ಕಡ್ಡಿಗಳಿಗೆ ಜೋಡಿಸುವುದೇ ಒಳ್ಳೆಯದು. ಅಂಥ ಒಂದು ಜಾಗ ಸಾಮಾನ್ಯವಾಗಿ 1 ಆಂಪಿಯರ್ ತಾಳುತ್ತದೆ. ಫ್ಯಾನಿನ ಚೀಟಿಯಲ್ಲಿ 0.2 ಆಂಪಿಯರ್ ಎಂದಿದ್ದರೆ ಕವಲು ತಂತಿಯಿಂದ ಮೂರನ್ನು ನಿಶ್ಚಿಂತೆಯಿಂದ ಕೂಡಿಸಬಹುದು. ಈ ಫ್ಯಾನುಗಳು 12 ವೋಲ್ಟಿನವು. ಗೋಡೆಯ ವಿದ್ಯುತ್ತಿಗೆ ಅವುಗಳ ಸಂಬಂಧ ಎಂದೂ ಬರಬಾರದು.

ಒಂದು ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಯಾರೂ ಬಿಚ್ಚಬಾರದು. ಅದು ಎಸ್.ಎಂ.ಪಿ.ಎಸ್. ಎಂಬ ವಿದ್ಯುತ್ ಪೂರೈಕೆಯ ಪೆಟ್ಟಿಗೆ. ಅದರೊಳಗಿನ ಕೆಪಾಸಿಟರು 300 ವೋಲ್ಟಿಗೂ ಮೇಲ್ಪಟ್ಟು ಶಕ್ತಿಯನ್ನು ಹಿಡಿದಿಟ್ಟುಕೊಂಡಿರುತ್ತದೆ; ಪ್ಲಗ್ಗು ಕಿತ್ತ ಮೇಲೂ ಅದು ಕೂಡಲೇ ಇಳಿಯುವುದಿಲ್ಲ. ಜೀವಕ್ಕೇ ಅಪಾಯ. ಹೊರಗಿನ ಕಿಂಡಿಯಿಂದ ಬ್ಲೋವರಿನ ಗಾಳಿ ಹಾಯಿಸಿ ಧೂಳು ತೆಗೆದರೆ ಸಾಕು. ಬ್ಲೋವರು ಹಿಡಿಯುವಾಗ ಕೈಗೆ ಸಿಗುವ ಇತರ ಫ್ಯಾನುಗಳ ಅಲಗನ್ನು ಒಂದು ಬೆರಳಿನಿಂದ ತಡೆದು ಹಿಡಿಯಬೇಕು. ಇಲ್ಲವಾದರೆ ಅವು ಮಿತಿಮೀರಿ ತಿರುಗಿ ಬೇರಿಂಗು ಕೆಡುತ್ತದೆ.

ನೀರಿನ ಕೂಲರಿನ ಮಾತು

ಗಣಕಗಳನ್ನು ದ್ರವದಿಂದ ತಂಪಾಗಿಡುವುದು ಹೊಸತಲ್ಲ. 1985ರ ಕ್ರೇ-2 ಎಂಬ ಮಹಾಗಣಕದ ಫಲಕಗಳನ್ನು ವಿದ್ಯುತ್ತು ಹರಿಯದ ದ್ರವದಲ್ಲಿಯೇ ಮುಳುಗಿಸಿಟ್ಟಿದ್ದರು. ಇಂದು ಅಂಗಡಿಯಲ್ಲಿ ಸಿಗುವುದು ಮುಚ್ಚಿದ ಕೊಳವೆಗಳಲ್ಲಿ ದ್ರವ ಸುತ್ತುವ ಕೂಲರು: ಪ್ರೊಸೆಸರಿನ ಮೇಲೊಂದು ಪಂಪು, ಪೆಟ್ಟಿಗೆಯ ಅಂಚಿನಲ್ಲೊಂದು ರೇಡಿಯೇಟರು, ಅದಕ್ಕೆ ಫ್ಯಾನುಗಳು.

‘ನೀರು’ ಎಂದೊಡನೆ ಮಡಕೆಯ ತಂಪು ನೆನಪಾಗಿ ಮೋಸಹೋಗುವುದು ಸಹಜ. ಮಡಕೆಯ ಮೈಯಿಂದ ನೀರು ಆವಿಯಾಗಿ ಹೊರಹೋಗುತ್ತದೆ. ಅದಕ್ಕಾಗಿಯೇ ಒಳಗಿನ ನೀರು ಸುತ್ತಲ ಗಾಳಿಗಿಂತ ತಂಪಾಗುತ್ತದೆ. ಮುಚ್ಚಿದ ಕೊಳವೆಯ ದ್ರವ ಹೊರಕ್ಕೆ ಆವಿಯಾಗುವುದಿಲ್ಲ. ಅದು ಶಾಖವನ್ನು ರೇಡಿಯೇಟರಿಗೆ ಒಯ್ದು ಇದೇ 42 ಡಿಗ್ರಿಯ ಗಾಳಿಗೆ ಒಪ್ಪಿಸುತ್ತದೆ. ಆದ್ದರಿಂದ ಕೋಣೆಗಿಂತ ತಂಪು ಮಾಡಲು ಅದರಿಂದಲೂ ಆಗದು. 200 ವಾಟ್ ಮೀರುವ ಪ್ರೊಸೆಸರಿನಿಂದ ದಿನವಿಡೀ ದುಡಿಸಿಕೊಳ್ಳುವವರಿಗೆ ಅದು ಉಪಯುಕ್ತ. 65 ವಾಟ್‌ನ ಮನೆಯ ಯಂತ್ರಕ್ಕೆ ಅದು ಅನವಶ್ಯಕ. ಅದರ ಪಂಪಿಗೂ ಆಯುಷ್ಯವುಂಟು. ಗೋಪುರದ ಕೂಲರಿನಲ್ಲಿ ಕೆಡುವುದು ಫ್ಯಾನೊಂದೇ, ಅದನ್ನು ಕೆಲವು ನೂರು ರೂಪಾಯಿಗೆ ಬದಲಿಸಬಹುದು. ಪಂಪು ಕೆಟ್ಟರೆ ಬಹುತೇಕ ಇಡೀ ಕೂಲರೇ ಹೋದಂತೆ. ಹಾಕಿಸುವವರು ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರುವಂತೆ ನೋಡಿಕೊಳ್ಳಬೇಕು. ಒಳಗಿನ ಗಾಳಿಗುಳ್ಳೆ ಆಗ ಪಂಪಿಗೆ ಬಾರದೆ ಮೇಲೆಯೇ ಉಳಿಯುತ್ತದೆ.

ಶಾಖವೇ ಕಡಿಮೆ ಹುಟ್ಟಿದರೆ?

ಬಾಗಿಲುಗಳನ್ನು ಅಗಲಿಸುವುದರೊಂದಿಗೆ ಒಳಗಿನ ಗುಂಪನ್ನೇ ಕಡಿಮೆ ಮಾಡುವ ಉಪಾಯವೂ ಉಂಟು, ಅದಕ್ಕೆ ಕಾಸೂ ಬೇಡ. ಯಂತ್ರದ ಬಯಾಸ್ ವ್ಯವಸ್ಥೆಯಲ್ಲಿ ಪ್ರೊಸೆಸರಿನ ಶಕ್ತಿಗೆ ಮಿತಿ ಹಾಕುವ ಅವಕಾಶ ಅನೇಕ ಮದರ್‌ಬೋರ್ಡುಗಳಲ್ಲಿದೆ, ಎ.ಎಂ.ಡಿ.ಯವರು ಇದನ್ನು ‘ಇಕೊ ಮೋಡ್’ ಎನ್ನುತ್ತಾರೆ. 117 ವಾಟ್‌ವರೆಗೆ ಜಿಗಿಯುವ ಪ್ರೊಸೆಸರನ್ನು 65ಕ್ಕೆ ಕಟ್ಟಿಹಾಕಿದರೆ ಟೈಪಿಂಗು, ಲೆಕ್ಕಪತ್ರ, ಪಾಠದ ವಿಡಿಯೊ ಯಾವುದರಲ್ಲಿಯೂ ವ್ಯತ್ಯಾಸ ತಿಳಿಯುವುದಿಲ್ಲ. ಭಾರದ ಕೆಲಸಗಳು ಸ್ವಲ್ಪ ನಿಧಾನವಾಗುತ್ತವೆ. ಏಪ್ರಿಲಿನಲ್ಲಿ ಹೀಗೆ ಮಿತಿ ಹಾಕಿ, ಮಳೆ ಬಿದ್ದ ಮೇಲೆ ತೆಗೆಯಬಹುದು. ಬಿಸಿಲಿನಲ್ಲಿ ಎತ್ತುಗಳನ್ನೂ ನಾವು ಬೆಳಗು ಸಂಜೆಗಳಲ್ಲಿಯೇ ಹೂಡುತ್ತೇವಲ್ಲವೆ?

ನಾಲ್ಕನೆಯ ಬಾಗಿಲು: ಕೋಣೆ

ಯಂತ್ರದಿಂದ ಹೊರಬಂದ ಶಾಖ ಕೋಣೆಯಲ್ಲಿಯೇ ಉಳಿದರೆ ಮೇಲಿನ ಶ್ರಮವೆಲ್ಲ ವ್ಯರ್ಥ. ಸುಮ್ಮನೆ ಕುಳಿತ ಮನುಷ್ಯನ ಮೈಯಿಂದ ಸುಮಾರು 100 ವಾಟ್ ಶಾಖ ಹೊರಡುತ್ತದೆ. ಅಂದಮೇಲೆ 300 ವಾಟ್‌ನ ಯಂತ್ರ ನಡೆಸುವುದೆಂದರೆ ಕೋಣೆಯಲ್ಲಿ ಇನ್ನೂ ಮೂವರನ್ನು ಕೂಡಿಸಿಕೊಂಡಂತೆ. ಹತ್ತಡಿ ಉದ್ದಗಲ ಎತ್ತರದ ಕೋಣೆಯ ಗಾಳಿಯ ತೂಕ ಸುಮಾರು 30 ಕಿಲೋ. ಗೋಡೆಗಳು ಏನನ್ನೂ ಹೀರಿಕೊಳ್ಳದಿದ್ದರೆ ಈ ಶಾಖವು ಎರಡು ನಿಮಿಷದೊಳಗೆ ಅದನ್ನು 1 ಡಿಗ್ರಿ ಏರಿಸಬಲ್ಲದು. ಗೋಡೆಗಳು ಹೀರುವುದರಿಂದ ಹಾಗಾಗುವುದಿಲ್ಲವಾದರೂ ಮುಚ್ಚಿದ ಕೋಣೆ ಸಂಜೆಯ ಹೊತ್ತಿಗೆ ಏಕೆ ಕುಲುಮೆಯಾಗುತ್ತದೆಂಬುದು ಇದರಿಂದ ತಿಳಿಯುತ್ತದೆ.

ಆದ್ದರಿಂದ ಯಂತ್ರವನ್ನು ಕಪಾಟಿನೊಳಗೆ, ಪಶ್ಚಿಮದ ಗೋಡೆಗೆ, ತಗಡಿನ ಮಾಡಿನ ಕೆಳಗೆ ಇಡುವುದು ಬೇಡ. ನೆಲದಿಂದ ಗೇಣೆತ್ತರದ ಮಣೆಯ ಮೇಲೆ, ಗೋಡೆಯಿಂದ ಗೇಣು ದೂರ ಇಡಬೇಕು. ಕೋಣೆಯ ಮೇಲಿನ ಕಿಂಡಿಗೊಂದು ಹೊರದೂಡುವ ಫ್ಯಾನು ಹಾಕಿಸಿದರೆ ಯಂತ್ರಕ್ಕೂ ಹಿತ, ಕುಳಿತವರಿಗೂ ಹಿತ. ಹುಲ್ಲಿನ ಪರದೆಯ ನೀರುಕೂಲರು ಕೋಣೆಯನ್ನು ತಂಪುಮಾಡುವುದರಿಂದ ಯಂತ್ರಕ್ಕೂ ಅನುಕೂಲವೇ. ಆದರೆ ಅದರ ಗಾಳಿ ನೇರವಾಗಿ ಯಂತ್ರಕ್ಕೆ ಬೀಸಬಾರದು. ಅದರೊಂದಿಗೆ ತುಂತುರು ಹನಿಗಳೂ ಬರುತ್ತವೆ. ಪಕ್ಕದ ಬಾಗಿಲು ತೆಗೆದಿಟ್ಟು ಟೇಬಲ್ ಫ್ಯಾನು ಹಚ್ಚುವ ರೂಢಿ ಒಂದು ದಿನದ ಗಂಡಾಂತರಕ್ಕೆ ಸರಿ, ನಿತ್ಯಕ್ಕಲ್ಲ. ಧೂಳು ತುಂಬುವುದು ಒತ್ತಟ್ಟಿಗಿರಲಿ, ಅಂಬೆಗಾಲಿಡುವ ಕೂಸಿರುವ ಮನೆಯಲ್ಲಿ ತೆರೆದ ಯಂತ್ರ ಇಡುವುದು ಎಷ್ಟುಮಾತ್ರಕ್ಕೂ ಸಲ್ಲದು.

ಖರ್ಚಿನ ಕ್ರಮ

ಇಷ್ಟೆಲ್ಲ ಹೇಳಿದ ಮೇಲೆ ಅನುಸರಿಸಬೇಕಾದ ಕ್ರಮವನ್ನು ಒಟ್ಟಾಗಿ ಹೇಳಬಹುದು. ಮೊದಲು ಅಳತೆ. ಅನಂತರ ಕುಂಚ ಮತ್ತು ಬ್ಲೋವರು. ಆಮೇಲೆ ಬಯಾಸಿನ ಮಿತಿ ಮತ್ತು ಯಂತ್ರದ ಜಾಗ. ಈ ತನಕ ಖರ್ಚು ಇಲ್ಲವೇ ಇಲ್ಲವೆನ್ನುವಷ್ಟು. ಅದಾದ ಮೇಲೆ ಪೇಸ್ಟು. ಅದೂ ಸಾಲದಿದ್ದರೆ ಪರೀಕ್ಷೆ ತೋರಿಸಿದ ಕಡೆ ಕ್ಯಾಬಿನೆಟ್ಟಿನ ಫ್ಯಾನು ಅಥವಾ ಗೋಪುರದ ಕೂಲರು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಮತ್ತೆ ಅಳೆದು ಬರೆಯಬೇಕು. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು, ಮುಂದಿನ ಬಾರಿ ಮತ್ತೆ ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಯಂತ್ರಕ್ಕೆ ಗ್ಯಾರಂಟಿಯ ಅವಧಿ ಇನ್ನೂ ಇದ್ದರೆ, ಬಿಚ್ಚುವುದರಿಂದ ಅದು ತಪ್ಪಿಹೋಗುವುದೇ ಎಂದು ಪತ್ರವನ್ನು ಓದಿಕೊಳ್ಳಬೇಕು.

ಈ ಕೆಲಸಕ್ಕೆ ತಕ್ಕ ಕಾಲ ಫಾಲ್ಗುಣ. ಹೋಳಿಯ ಹೊತ್ತಿಗೆ ಒಂದು ರಜೆಯ ದಿನ ಗೊತ್ತುಮಾಡಿಕೊಂಡು, ಹತ್ತನೆಯ ಇಯತ್ತೆಯ ಮಗನನ್ನೋ ಮಗಳನ್ನೋ ಪಕ್ಕಕ್ಕೆ ಕೂಡಿಸಿಕೊಂಡು, ಅಳತೆಯನ್ನು ಅವರ ಕೈಯಿಂದಲೇ ಬರೆಸಬೇಕು. ಶಾಖದ ವಹನ, ಆವಿಯಾಗುವಿಕೆ, ವಿದ್ಯುತ್ ಶಕ್ತಿ ಮುಂತಾದ ಪಾಠಗಳು ಪುಸ್ತಕದಿಂದ ಇಳಿದು ಅವರ ಕೈಬೆರಳಿಗೆ ಬರುತ್ತವೆ. ಬರೆದ ನೋಟುಪುಸ್ತಕವನ್ನು ಯಂತ್ರದ ಬಳಿಯೇ ಇಟ್ಟಿರಬೇಕು. ಮುಂದಿನ ವೈಶಾಖದಲ್ಲಿ ತೆರೆ ಕಪ್ಪಾದರೆ ಅಂಗಡಿಗೆ ಓಡುವ ಮೊದಲು ಅದನ್ನು ತೆರೆದು ನೋಡಿದರೆ ಸಾಕು. ಕೋಣೆಗಿಂತ ಎಷ್ಟು ಡಿಗ್ರಿ ಹೆಚ್ಚಿತ್ತು, ಈಗ ಎಷ್ಟಾಗಿದೆ ಎಂಬ ಎರಡು ಅಂಕಿಗಳು, ಯಾವ ಬಾಗಿಲನ್ನು ತಟ್ಟಬೇಕೆಂದು ಹೇಳುತ್ತವೆ.